ಯಾವ ಮರದ ಎಲೆ?

ಈ ಸಲದ ಅಂಚೆಯಲ್ಲಿ ಅಂಗಾಂಶ ಕೃಷಿಯ ಪತ್ರಗಳೇ ಹೆಚ್ಚು. ಎಲೆಯ ಚೂರಿನಿಂದ ಗಿಡ ಎಬ್ಬಿಸುವ ವಿಡಿಯೊ ಒಂದು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆಯಂತೆ. ಉಚ್ಚಿಲದಿಂದ ಕಾರ್ಕಳದವರೆಗೆ ಹಲವರು ಅದನ್ನು ನೋಡಿಯೇ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಹಿತ್ತಿಲಲ್ಲಿ ಅಜ್ಜಿಯ ಕಾಲದ ಬಕ್ಕೆ ಹಲಸಿನ ಮರ ಇದೆ. ಸೊಳೆ ದಪ್ಪ, ಕೇಸರಿ ಬಣ್ಣ. ಹಪ್ಪಳಕ್ಕೂ ಆಗುತ್ತದೆ, ತಿನ್ನಲಿಕ್ಕೂ ಆಗುತ್ತದೆ. ಹೊಸ ಮನೆಗೆ ಪಂಚಾಂಗ ಹಾಕುವಾಗ ಮರ ಅಡ್ಡ ಬರುತ್ತದೆ, ಕಡಿಯದೆ ನಿರ್ವಾಹವಿಲ್ಲ. ಎಲೆಯನ್ನು ಲ್ಯಾಬಿಗೆ ಕೊಟ್ಟರೆ ಅದೇ ಮರದ ನೂರಾರು ಸಸಿ ಮಾಡಿ ಕೊಡುತ್ತಾರೆಂದು ಬೆಂಗಳೂರಿನಲ್ಲಿರುವ ಮಗ ಹೇಳುತ್ತಾನೆ. ಎಲ್ಲಿಗೆ ಕಳಿಸಬೇಕು? (ಉಚ್ಚಿಲ)

ಉತ್ತರ: ಎಲ್ಲಿಗೂ ಕಳಿಸಬೇಡಿ. ಕೊಡಲಿ ಬೀಳುವ ಮೊದಲು ಕಸಿ ಕಟ್ಟಿಸಿ.

ನಿಮ್ಮ ಮಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಗಿಡದ ಒಂದೊಂದು ಜೀವಕೋಶಕ್ಕೂ ಇಡೀ ಗಿಡವಾಗುವ ಶಕ್ತಿ ಇರಬೇಕು ಎಂದು 1902ರಲ್ಲೇ ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್ಲೀಬ್ ಹಾಬರ್‌ಲಾಂಟ್ ಬರೆದರು. ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದೂ ಎಲೆಯನ್ನೇ. ಎಲೆಯಿಂದ ಬಿಡಿಸಿದ ಕೋಶಗಳು ಪೋಷಕ ದ್ರಾವಣದಲ್ಲಿ ವಾರಗಟ್ಟಲೆ ಬದುಕಿದವು, ಉಬ್ಬಿದವು. ಒಂದೇ ಒಂದು ಕೋಶವೂ ಎರಡಾಗಲಿಲ್ಲ. ಬಲಿತ ಎಲೆಯ ಕೋಶ ತನ್ನ ಕೆಲಸದಲ್ಲಿ ನೆಲೆನಿಂತಿರುತ್ತದೆ. ಬಿಸಿಲು ಹೀರಿ ಸಕ್ಕರೆ ಮಾಡುವುದನ್ನು ಬಿಟ್ಟು ಮತ್ತೆ ಮೊದಲಿನಿಂದ ಚಿಗುರು ಕಟ್ಟು ಎಂದರೆ ಅದು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪಿಸುವ ಹಾರ್ಮೋನುಗಳು ಕೈಗೆ ಸಿಗಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಈಗ ಅವು ಇವೆ. ಆದರೂ ಹಣ್ಣಿನ ಮರಗಳಲ್ಲಿ ಎಲೆಯಿಂದ ಚಿಗುರು ಬಂತು ಎಂಬ ವರದಿ ಓದುವಾಗ ನಾನು ಮೊದಲು ಹುಡುಕುವುದು ಒಂದೇ ಸಂಗತಿ: ಅದು ಯಾವ ಮರದ ಎಲೆ? ಹೆಚ್ಚಿನ ಕಡೆ ಅದು ಮರದ ಎಲೆಯೇ ಅಲ್ಲ. ಬಾಟಲಿಯೊಳಗೆ ಬೀಜ ಮೊಳೆಸಿ ಎಬ್ಬಿಸಿದ ಪುಟ್ಟ ಸಸಿಯ ಎಲೆ. ಅದು ಎಳೆಯದು, ಶುದ್ಧವಾದದ್ದು, ಹೇಳಿದಂತೆ ಕೇಳುತ್ತದೆ. ಆದರೆ ಆ ಸಸಿಯ ಹಣ್ಣನ್ನು ಯಾರೂ ತಿಂದು ನೋಡಿಲ್ಲ. ಹಲಸು ಪರಪರಾಗಸ್ಪರ್ಶದ ಮರ. ಒಂದೇ ಹಣ್ಣಿನ ಹತ್ತು ಬೀಜ ಹಾಕಿದರೆ ಹತ್ತು ಬಗೆಯ ಮರ. ಅಂಥ ಸಸಿಯ ಎಲೆಯಿಂದ ಸಾವಿರ ಚಿಗುರು ತೆಗೆದರೆ ಗುಣ ಗೊತ್ತಿಲ್ಲದ ಒಂದು ಮರದ ಸಾವಿರ ಪ್ರತಿ ಸಿಗುತ್ತದೆ, ಅಷ್ಟೆ. ನಿಮಗೆ ಬೇಕಾಗಿರುವುದು ಅಜ್ಜಿಯ ಮರ. ಅದರ ಎಲೆ ಬಲಿತದ್ದು, ಮೇಣದ್ದು, ಮಳೆಗಾಲದ ಬೂಷ್ಟು ಹತ್ತಿದ್ದು. ಹಲಸನ್ನು ಬಾಟಲಿಯಲ್ಲಿ ಹೆಚ್ಚಿಸಿದವರೂ ಮುಖ್ಯವಾಗಿ ಕುಡಿ ಮತ್ತು ಮೊಗ್ಗುಗಳನ್ನು ನಂಬಿದವರು, ಎಲೆಯನ್ನಲ್ಲ.

ಕಸಿಯಲ್ಲಿ ಈ ತಲೆಬಿಸಿ ಇಲ್ಲ. ತುಮಕೂರು ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸಿನ ಕತೆ ಕೇಳಿರಬಹುದು. ಒಬ್ಬ ರೈತರ ತೋಟದ ಒಂದೇ ಮರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ 2017ರಲ್ಲಿ ಆ ರೈತರೊಂದಿಗೇ ಒಪ್ಪಂದ ಮಾಡಿಕೊಂಡಿತು. ಇವತ್ತು ಆ ಮರ ಊರೂರಿಗೆ ಹೋಗಿರುವುದು ಕಸಿಯಿಂದಲೇ. ಬೀಜದ ಹಲಸು ಫಲಕ್ಕೆ ಬರಲು ಏಳೆಂಟು ವರ್ಷವಾದರೆ ಕಸಿಗಿಡ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ ಕಾಯಿ ತೋರಿಸುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಬಿಸಿಲು ಬೀಳುವ ಕೊಂಬೆಗಳ ತುದಿಯಲ್ಲಿ ಪೆನ್ಸಿಲ್ ದಪ್ಪದ, ಮೂರು ನಾಲ್ಕು ತಿಂಗಳ ಕಡ್ಡಿಗಳನ್ನು ಗುರುತು ಮಾಡಿ. ಕಸಿ ಕಟ್ಟುವುದಕ್ಕೆ ಒಂದು ವಾರ ಹತ್ತು ದಿನ ಮೊದಲು ಅವುಗಳ ಎಲೆ ಕತ್ತರಿಸಿ ತೊಟ್ಟು ಮಾತ್ರ ಉಳಿಸಿ. ತುದಿಯ ಮೊಗ್ಗು ಉಬ್ಬಿಕೊಳ್ಳುತ್ತದೆ. ಕಡ್ಡಿ ತೆಗೆದ ಕೂಡಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿಟ್ಟು ನರ್ಸರಿಗೆ ಒಯ್ಯಿರಿ. ಬೇರುಗಿಡವಾಗಿ ಯಾವ ಹಲಸಿನ ಸಸಿಯಾದರೂ ನಡೆಯುತ್ತದೆ. ಎಲ್ಲ ಕಸಿಯೂ ಹಿಡಿಯುವುದಿಲ್ಲ, ಆದ್ದರಿಂದ ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿಸಿ. ಗೊಂದಲವಿದ್ದರೆ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು. ಕಸಿ ಚಿಗುರುವವರೆಗೆ ಮಾತ್ರ ಮರ ಕಡಿಯುವವರನ್ನು ಬರಹೇಳಬೇಡಿ.

ಪ್ರಶ್ನೆ: ಕಾಡುಬಸಳೆಯ ಎಲೆಯನ್ನು ಜಗಲಿಯಲ್ಲಿ ಹಾಗೇ ಬಿಟ್ಟರೂ ಅಂಚಿನಲ್ಲಿ ಮರಿಗಿಡ ಬರುತ್ತದೆ. ಲ್ಯಾಬೂ ಬೇಡ, ಔಷಧವೂ ಬೇಡ. ಮಾವಿನ ಎಲೆಗೆ ಯಾಕೆ ಬರುವುದಿಲ್ಲ? (ಕಾಪು)

ಉತ್ತರ: ಕಾಡುಬಸಳೆಯ ಎಲೆಯಂಚಿನ ಕಚ್ಚುಗಳಲ್ಲಿ ಬೆಳೆಯುವ ಕೋಶಗಳ ಪುಟ್ಟ ಗುಂಪು ಮೊದಲೇ ಸಿದ್ಧವಾಗಿ ಕೂತಿರುತ್ತದೆ. ಎಲೆ ಗಿಡದಿಂದ ಬೇರೆಯಾದ ಕೂಡಲೇ ಅದು ಎಚ್ಚರಗೊಳ್ಳುತ್ತದೆ. ಮಾವಿನ ಎಲೆಯಲ್ಲಿ ಅಂಥ ತಯಾರಿ ಇಲ್ಲ. ಎಲ್ಲ ಹೊಸದಾಗಿ ಆಗಬೇಕು.

ಮನೆಯಲ್ಲೇ ನೋಡಬಹುದಾದ ಇನ್ನೊಂದು ತಮಾಷೆ ಇದೆ. ಕುಂಡದಲ್ಲಿ ಬೆಳೆಸುವ ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡು ಮಾಡಿ ಮಣ್ಣಿಗೆ ಚುಚ್ಚಿ. ಬರುವ ಮರಿಗಳಲ್ಲಿ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಆ ಗಿಡ ಎರಡು ಬಗೆಯ ಕೋಶಪದರಗಳ ಕೂಡುಬಾಳು. ಎಲೆಯೊಳಗಿಂದ ಹುಟ್ಟುವ ಮರಿ ಒಂದು ಬಗೆಯ ಕೋಶದಿಂದ ಮಾತ್ರ ಆಗುತ್ತದೆ. ಎಲೆಯಿಂದ ಬಂದದ್ದೆಲ್ಲ ತಾಯಿಯ ಪಡಿಯಚ್ಚು ಎಂದು ಹೇಳುವವರಿಗೆ ಈ ಕುಂಡ ತೋರಿಸಿ.

ಪ್ರಶ್ನೆ: ಸರ್, ನಾನು ಮಣಿಪಾಲದಲ್ಲಿ ಎಂ.ಎಸ್ಸಿ. ವಿದ್ಯಾರ್ಥಿನಿ. ಪ್ರಾಜೆಕ್ಟಿಗೆ ಹಲಸಿನ ಎಲೆಯ ಚೂರುಗಳನ್ನು ಎಂ.ಎಸ್. ಮಾಧ್ಯಮದಲ್ಲಿಟ್ಟಿದ್ದೇನೆ. ಮೂರೇ ದಿನಕ್ಕೆ ಅಂಚು ಕಪ್ಪಾಗಿ ಅಗರ್ ಕೂಡ ಕಂದು ಬಣ್ಣಕ್ಕೆ ತಿರುಗುತ್ತದೆ. ಸೇಬಿನಲ್ಲಿ ಇದೇ ವಿಧಾನ ಚೆನ್ನಾಗಿ ಆಗಿದೆ. ಎಲ್ಲಿ ತಪ್ಪುತ್ತಿದ್ದೇನೆ? (ಮಣಿಪಾಲ)

ಉತ್ತರ: ಬಹುಶಃ ಮರದ ಆಯ್ಕೆಯಲ್ಲಿ! ಹೇಗೂ ಶುರು ಮಾಡಿಯಾಗಿದೆ, ನೋಡೋಣ.

ಕಪ್ಪಾಗುವುದು ಫೀನಾಲುಗಳಿಂದ. ಎಲೆ ಕತ್ತರಿಸಿದಾಗ ಕೋಶ ಒಡೆದು ಹೊರಬಂದ ಫೀನಾಲು ಗಾಳಿ ತಾಗಿ ಆಕ್ಸಿಡೀಕರಣಗೊಂಡು ಕ್ವಿನೋನ್ ಆಗುತ್ತದೆ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದೂ ಹೀಗೆಯೇ. ಈ ಕ್ವಿನೋನ್ ಪಕ್ಕದ ಕೋಶಗಳಿಗೂ ವಿಷ. ಹಲಸು, ಮಾವು, ಗೇರು ಎಲ್ಲವೂ ಈ ವಿಷಯದಲ್ಲಿ ಹಟಮಾರಿಗಳು. ಚೂರುಗಳನ್ನು ಕತ್ತರಿಸಿದ ಕೂಡಲೇ ಆಸ್ಕಾರ್ಬಿಕ್ ಮತ್ತು ಸಿಟ್ರಿಕ್ ಆಮ್ಲದ ಶುದ್ಧೀಕರಿಸಿದ ದ್ರಾವಣದಲ್ಲಿ ಅದ್ದಿ. ಮೊದಲ ವಾರ ಎರಡು ದಿನಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ದಾಟಿಸಿ. ಇದ್ದಿಲ ಪುಡಿ ಹಾಕುವವರಿದ್ದಾರೆ, ಆದರೆ ಅದು ಫೀನಾಲಿನ ಜೊತೆಗೆ ನೀವು ಹಾಕಿದ ಹಾರ್ಮೋನನ್ನೂ ಹೀರಿಕೊಳ್ಳುತ್ತದೆ. ಚಿಗುರು ಎಬ್ಬಿಸುವ ಹಂತದಲ್ಲಿ ನಾನಂತೂ ಬೇಡ ಎನ್ನುತ್ತೇನೆ. ಎಲ್ಲಕ್ಕಿಂತ ಮುಖ್ಯ, ಕತ್ತಲೆ. ಮೊದಲ ಎರಡು ಮೂರು ವಾರ ಬಾಟಲಿಗಳನ್ನು ಬೆಳಕಿಲ್ಲದ ಕಡೆ ಇಡಿ. ಸೇಬಿನಲ್ಲಿ ಯಶಸ್ಸು ಕಂಡವರೆಲ್ಲ ಸಾಮಾನ್ಯವಾಗಿ ಮಾಡಿದ್ದು ಇದನ್ನೇ.

ಇನ್ನು ಸೇಬಿನ ಗುಟ್ಟು. ಅವರು ತೋಟದ ಮರದಿಂದ ಎಲೆ ತರುವುದಿಲ್ಲ. ಮೊದಲು ಒಳ್ಳೆಯ ತಳಿಯ ಮೊಗ್ಗನ್ನು ಬಾಟಲಿಗೆ ತಂದು, ತಿಂಗಳುಗಟ್ಟಲೆ ಅಲ್ಲೇ ಬೆಳೆಸಿ, ಆ ಚಿಗುರಿನ ತುದಿಯಲ್ಲಿ ಆಗಷ್ಟೇ ಬಿಚ್ಚಿಕೊಳ್ಳುತ್ತಿರುವ ಮೊದಲ ಕೆಲವು ಎಲೆಗಳನ್ನು ಮಾತ್ರ ಬಳಸುತ್ತಾರೆ. ಹೀಗೆ ತಳಿಯೂ ಗೊತ್ತಿರುವುದೇ, ಎಲೆಯೂ ಎಳೆಯದೇ. ನಡುನರಕ್ಕೆ ಅಡ್ಡಲಾಗಿ ಗೀರು ಹಾಕುತ್ತಾರೆ. ಆಕ್ಸಿನ್ ಎಂಬ ಹಾರ್ಮೋನು ಎಲೆಯ ತುದಿಯಿಂದ ತೊಟ್ಟಿನ ಕಡೆಗೆ ಹರಿಯುವುದರಿಂದ ಗಾಯದಲ್ಲಿ ಅದು ತಡೆದು ನಿಲ್ಲುತ್ತದೆ. ತೊಟ್ಟಿನ ಹತ್ತಿರದ ಚೂರುಗಳಲ್ಲಿ ಚಿಗುರು ಹೆಚ್ಚು ಏಳುವುದಕ್ಕೂ ಇದು ಕಾರಣ. ನಿಮ್ಮ ಹಲಸಿಗೂ ಇದೇ ದಾರಿ: ಮೊದಲು ಕುಡಿಯನ್ನು ಬಾಟಲಿಗೆ ಒಗ್ಗಿಸಿ, ಎಲೆಯ ಮಾತು ಆಮೇಲೆ.

ಹಾರ್ಮೋನಿನ ಅನುಪಾತ ನಿಮಗೆ ಪಾಠದಲ್ಲಿ ಬಂದಿರುತ್ತದೆ. 1955ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಕೂಗ್ ಅವರ ತಂಡ ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯನ್ನು ಒತ್ತಡದಲ್ಲಿ ಬೇಯಿಸಿದಾಗ ಕೈನೆಟಿನ್ ಎಂಬ ಸೈಟೊಕೈನಿನ್ ಹಾರ್ಮೋನು ಸಿಕ್ಕಿತು. ಬೂತಾಯಿ, ಬಂಗುಡೆಯ ಕರಾವಳಿಯಲ್ಲಿ ಕೂತು ಓದುವ ನಿಮಗೆ ಇದು ಖುಷಿ ಕೊಟ್ಟೀತು. ಎರಡು ವರ್ಷ ಬಿಟ್ಟು ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನಲ್ಲಿ ತೋರಿಸಿದರು: ಸೈಟೊಕೈನಿನ್ ಹೆಚ್ಚಾದರೆ ಚಿಗುರು, ಆಕ್ಸಿನ್ ಹೆಚ್ಚಾದರೆ ಬೇರು, ಎರಡೂ ಸಮನಾದರೆ ರೂಪವಿಲ್ಲದ ಗಡ್ಡೆ, ಅಂದರೆ ಕ್ಯಾಲಸ್. ನೀವು ಬಳಸುವ ಮುರಾಶಿಗೆ–ಸ್ಕೂಗ್ (ಎಂ.ಎಸ್.) ಮಾಧ್ಯಮ 1962ರದ್ದು, ಅದೂ ಅದೇ ಪ್ರಯೋಗಾಲಯದ ಕೂಸು, ತಂಬಾಕಿಗೆಂದೇ ಮಾಡಿದ್ದು. ಅದರಲ್ಲಿ ಲವಣಾಂಶ ಜೋರು. ಮರಜಾತಿಯ ಗಿಡಗಳಿಗೆ ಅರ್ಧ ಪ್ರಮಾಣವನ್ನೂ ಒಮ್ಮೆ ಪರೀಕ್ಷಿಸಿ.

ಮರದ ಎಲೆಗೆ ಬಿಎ, ಅಂದರೆ ಬೆಂಜೈಲ್ ಅಡೆನಿನ್ ಎಂಬ ಸೈಟೊಕೈನಿನ್, ಸಾಲದಿದ್ದರೆ ಟಿಡಿಝಡ್, ಅಂದರೆ ಥಿಡಿಯಾಜುರಾನ್ ಪ್ರಯತ್ನಿಸಬಹುದು. ಇದು ಮೂಲತಃ ಕೊಯ್ಲಿಗೆ ಮೊದಲು ಹತ್ತಿ ಗಿಡದ ಎಲೆ ಉದುರಿಸಲು ಬಂದ ರಾಸಾಯನಿಕ. ಎಲೆ ಉದುರಿಸುವ ಮದ್ದೇ ಎಲೆಯಿಂದ ಚಿಗುರು ಎಬ್ಬಿಸುತ್ತದೆ! ಆದರೆ ಕೈ ಬಿಗಿ ಇರಲಿ. ಸ್ವಲ್ಪ ಹೆಚ್ಚಾದರೂ ಚಿಗುರು ಗಾಜಿನಂತೆ ನೀರುತುಂಬಿ, ಉದ್ದವಾಗದೆ ಮುದ್ದೆಯಾಗಿ ನಿಲ್ಲುತ್ತದೆ. ಚಿಗುರು ಕಂಡ ಕೂಡಲೇ ಟಿಡಿಝಡ್ ಇಲ್ಲದ ಮಾಧ್ಯಮಕ್ಕೆ ದಾಟಿಸಿ.

ಇಷ್ಟೆಲ್ಲ ಕಷ್ಟ ಯಾರಿಗೆ ಬೇಕು ಎಂದು ನಿಮ್ಮ ಗೈಡ್ ಕೇಳಿದರೆ: ತಳಿ ಬದಲಿಸುವವರಿಗೆ ಬೇಕು. ಒಂದು ವಂಶವಾಹಿಯನ್ನು ಸೇರಿಸಿದ ಅಥವಾ ತಡೆದ ಕೋಶದಿಂದಲೇ ಇಡೀ ಗಿಡ ಏಳಬೇಕಾದರೆ ಎಲೆಯ ದಾರಿಯೇ ಅನುಕೂಲ. ಮೊಗ್ಗಿನಲ್ಲಾದರೆ ಬದಲಾದ ಕೋಶ, ಬದಲಾಗದ ಕೋಶ ಎರಡೂ ಕಲಸಿಕೊಳ್ಳುತ್ತವೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಹೆಚ್ಚಿದರೂ ಕಂದಾಗದ ‘ಆರ್ಕ್ಟಿಕ್’ ಸೇಬು ಬಂದದ್ದು ಇದೇ ದಾರಿಯಲ್ಲಿ. ಅಲ್ಲಿ ತಡೆದಿರುವುದು ನಿಮ್ಮ ಹಲಸಿನ ಚೂರನ್ನು ಕಪ್ಪು ಮಾಡುವ ಜಾತಿಯ ಕಿಣ್ವವನ್ನೇ.

ಪ್ರಶ್ನೆ: ಪುನರ್ಪುಳಿ ಸಸಿ ನೆಟ್ಟು ಎಂಟು ವರ್ಷ ಸಾಕಿದೆವು. ಅರ್ಧಕ್ಕರ್ಧ ಗಂಡು ಮರಗಳೇ ಆದವು. ಹೆಣ್ಣು ಮರದ ಎಲೆಯಿಂದ ಸಸಿ ಮಾಡಿದರೆ ಎಲ್ಲವೂ ಹೆಣ್ಣೇ ಆಗುವುದಿಲ್ಲವೇ? (ಕಾರ್ಕಳ)

ಉತ್ತರ: ಆಗುತ್ತದೆ, ನಿಮ್ಮ ತರ್ಕ ಸರಿ. ಆದರೆ ಇಲ್ಲೂ ಅದೇ ತೊಡಕು: ದೊಡ್ಡ ಹೆಣ್ಣು ಮರದ ಎಲೆ ಚಿಗುರಬೇಕಲ್ಲ.

ಪುನರ್ಪುಳಿಯ ಹತ್ತಿರದ ಬಂಧು ಮ್ಯಾಂಗೋಸ್ಟೀನ್ ಈ ವಿಷಯದಲ್ಲಿ ಬಲು ಧಾರಾಳಿ. ಅದರ ಎಲೆಯ ತುಂಡುಗಳಿಂದ ನೇರವಾಗಿ, ಕ್ಯಾಲಸ್ ಹಂತವಿಲ್ಲದೆ, ಹೇರಳ ಚಿಗುರು ಎಬ್ಬಿಸಬಹುದೆಂದು ಸಿಂಗಪುರದ ಸಂಶೋಧಕರು 1994ರಲ್ಲಿ ಪ್ರಕಟಿಸಿದರು. ವಿಚಿತ್ರವೆಂದರೆ ಹಣ್ಣಿನ ಮರಗಳಲ್ಲಿ ಎಲೆಯ ಕೃಷಿ ಅಷ್ಟಾಗಿ ಬೇಡವಾದ ಮರವೂ ಅದೇ. ಮ್ಯಾಂಗೋಸ್ಟೀನಿನ ಬೀಜ ಪರಾಗಸ್ಪರ್ಶವಿಲ್ಲದೆ ತಾಯಿಯ ಅಂಗಾಂಶದಿಂದಲೇ ಆಗುತ್ತದೆ. ಬೀಜ ಹಾಕಿದರೂ ಬರುವುದು ತಾಯಿಯಂಥದ್ದೇ ಮರ. ಬೀಜದ ಸಸಿಯ ಎಲೆ ಬಳಸಿದರೂ ಅಲ್ಲಿ ಮೋಸವಿಲ್ಲ. ಪುನರ್ಪುಳಿಗೆ ಆ ಭಾಗ್ಯ ಇಲ್ಲ. ಸಸಿಯಾಗಿದ್ದಾಗ ಗಂಡೋ ಹೆಣ್ಣೋ ಕಣ್ಣಿಗೆ ತಿಳಿಯುವುದಿಲ್ಲ. ಹಾಗಾಗಿ ಸಸಿಯ ಎಲೆಯಿಂದ ಸಾವಿರ ಮಾಡಿದರೆ ಸಾವಿರವೂ ಗಂಡಾಗಿಬಿಡಬಹುದು.

ನೀವು ಹೆಣ್ಣು ಮರದಿಂದ ಕಸಿ ಕಟ್ಟಿಸಿ. ಕಡ್ಡಿಯನ್ನು ನೇರ ಮೇಲಕ್ಕೆ ಹೋಗುವ ರೆಂಬೆಯಿಂದಲೇ ತೆಗೆಯಬೇಕು. ಪಕ್ಕಕ್ಕೆ ಚಾಚಿದ ರೆಂಬೆಯಿಂದ ತೆಗೆದರೆ ಗಿಡ ಜೀವನಪೂರ್ತಿ ಪಕ್ಕಕ್ಕೇ ಚಾಚುತ್ತದೆ, ಎತ್ತರಕ್ಕೆ ಏಳುವುದಿಲ್ಲ. ತಳಿಯೇ ಬೇಕೆಂದರೆ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಅಮೃತಾ’, ‘ಕೊಂಕಣ ಹಾತಿಸ್’ ಇವೆ. ಈಗಿರುವ ಗಂಡು ಮರಗಳನ್ನೆಲ್ಲ ಸಿಟ್ಟಿನಲ್ಲಿ ಕಡಿಯಬೇಡಿ, ಪರಾಗಕ್ಕೆ ಕೆಲವು ಬೇಕು. ಉಳಿದವುಗಳ ತಲೆ ಕಡಿದು, ಚಿಗುರಿದ ಮೇಲೆ ಆ ಚಿಗುರಿಗೇ ಹೆಣ್ಣು ಕಡ್ಡಿ ಕಸಿ ಮಾಡಿ ನೋಡಬಹುದು.

ಪ್ರಶ್ನೆ: ಅಡಿಕೆ, ತೆಂಗಿಗೆ ಕಸಿ ಇಲ್ಲ, ಕಂದು ಇಲ್ಲ. ಕಾಸರಗೋಡಿನಲ್ಲಿ ಎಲೆಯಿಂದಲೇ ಅಡಿಕೆ ಗಿಡ ಮಾಡಿದ್ದಾರೆಂದು ಕೇಳಿದ್ದೇನೆ. ಟಿಷ್ಯೂ ತೆಂಗಿನ ಸಸಿ ಎಂದು ಹೇಳಿ ಮನೆ ಬಾಗಿಲಿಗೇ ಬಂದು ಮಾರುವವರೂ ಇದ್ದಾರೆ. ತೆಗೆದುಕೊಳ್ಳಬಹುದೇ? (ಬೆಳಪು)

ಉತ್ತರ: ಕಾಸರಗೋಡಿನ ಮಾತು ನಿಜ. ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಮ್ಮವರು ಹೇಳುವ ಸಿಪಿಸಿಆರ್‌ಐ, ತೆಂಗಿನ ಎಳೆ ಎಲೆಯ ಅಂಗಾಂಶದಿಂದ ಸಸಿ ಎಬ್ಬಿಸಿದ್ದನ್ನು 1984ರಲ್ಲೇ ಪ್ರಕಟಿಸಿತು. 2004ರಲ್ಲಿ ಅಡಿಕೆಯ ಎಲೆ ಮತ್ತು ಎಳೆ ಹಿಂಗಾರದಿಂದ ಭ್ರೂಣಗಳನ್ನು ಬೆಳೆಸಿ ಗಿಡ ಮಾಡುವ ವಿಧಾನ ಬಂತು. ಅದರಲ್ಲಿ ಬಳಸಿದ ಪಿಕ್ಲೋರಾಮ್ ಎಂಬ ರಾಸಾಯನಿಕ ಮೂಲತಃ ಕಳೆನಾಶಕ. ಎರಡರಲ್ಲಿ ನನಗೆ ಹೆಚ್ಚು ಭರವಸೆ ಕಾಣುವುದು ಹಿಂಗಾರದಲ್ಲಿ. ಯಾಕೆಂದರೆ ಅದು ಫಲ ಕೊಟ್ಟು ತೋರಿಸಿದ ದೊಡ್ಡ ಮರದ್ದು. ಹಳದಿ ಎಲೆ ರೋಗದ ತೋಟದ ನಡುವೆ ಹಸಿರಾಗಿ ಉಳಿದ ಒಂದು ಮರವಿದ್ದರೆ, ಅದನ್ನು ಕೊಲ್ಲದೆ ಅದರ ಹಿಂಗಾರ ತಂದು ಸಸಿ ಮಾಡಬಹುದು.

ಪ್ರಯೋಗಾಲಯದಲ್ಲಿ ಒಂದು ಸಸಿ ಆಗುವುದು ಬೇರೆ, ಎಕರೆಗಟ್ಟಲೆ ನೆಡಲು ಸಿಗುವುದು ಬೇರೆ. ತೆಂಗಂತೂ ಅಂಗಾಂಶ ಕೃಷಿಗೆ ಅತಿ ಕಠಿಣ ಎಂದು ಹೆಸರಾದ ಮರ. ಆತುರ ಏನು ಮಾಡುತ್ತದೆ ಎಂಬುದಕ್ಕೆ ತಾಳೆ ಎಣ್ಣೆಯ ಮರ ಸಾಕ್ಷಿ. ಹೆಚ್ಚು ಎಣ್ಣೆ ಕೊಡುವ ತಾಯಿಮರದ, ಇನ್ನೂ ಬಿಚ್ಚದ ಎಳೆ ಸುಳಿಯೆಲೆಯಿಂದ ಸಸಿ ಮಾಡಿ ಮಲೇಷ್ಯಾದಲ್ಲಿ ನೆಟ್ಟರು. ನೋಡಲು ಎಲ್ಲವೂ ಸೊಗಸು. 1980ರ ದಶಕದಲ್ಲಿ ಹೂ ಬಿಟ್ಟಾಗ ಕೆಲವು ಮರಗಳ ಕಾಯಿಗಳು ಸುತ್ತಲೂ ಹೆಚ್ಚುವರಿ ತೊಗಟೆಯಂಥ ಭಾಗ ಬೆಳೆದು ವಿಕಾರವಾಗಿದ್ದವು, ಎಷ್ಟೋ ಬರಡಾದವು. ವಂಶವಾಹಿಯ ಅಕ್ಷರ ಬದಲಾಗಿರಲಿಲ್ಲ. ಬಾಟಲಿಯ ವಾಸದಲ್ಲಿ ಅದರ ಮೇಲಿನ ಒಂದು ರಾಸಾಯನಿಕ ಗುರುತು ಅಳಿಸಿಹೋಗಿತ್ತು. ಇದನ್ನು ಮಲೇಷ್ಯಾದ ವಿಜ್ಞಾನಿಗಳು ಪತ್ತೆಹಚ್ಚಿದ್ದು 2015ರಲ್ಲಿ. ಗುರುತು ಅಳಿಸಿದ್ದು ‘ಕರ್ಮ’ ಎಂದು ಹೆಸರಿಟ್ಟ ಡಿಎನ್‌ಎ ತುಣುಕಿನ ಮೇಲೆ! ಎಲೆ ಸರಿಯಾದ ಮರದ್ದೇ ಆಗಿದ್ದರೂ ದಾರಿಯಲ್ಲಿ ಕೆಡಬಹುದು ಎಂಬುದು ನರ್ಸರಿಯಲ್ಲಿ ತಿಳಿಯುವುದಿಲ್ಲ. ಗೊನೆ ಬಂದಾಗ ತಿಳಿಯುತ್ತದೆ.

ಬಾಗಿಲಿಗೆ ಬಂದವರಲ್ಲಿ ಎರಡು ಸಂಗತಿ ಬರೆದುಕೊಡಿ ಎನ್ನಿ: ಸಸಿ ಮಾಡಿದ ಪ್ರಯೋಗಾಲಯ ಯಾವುದು, ತಾಯಿಮರ ಎಲ್ಲಿದೆ. ಬರೆದುಕೊಡದಿದ್ದರೆ ಮಜ್ಜಿಗೆ ಕೊಟ್ಟು ಕಳಿಸಿ.

ಪ್ರಶ್ನೆ: ಟಿಷ್ಯೂ ಬಾಳೆ ಎಂದರೆ ಕುಲಾಂತರಿ ಬಾಳೆಯೇ? (ಪಡುಬಿದ್ರಿ)

ಉತ್ತರ: ಅಲ್ಲ. ಅದು ಎಲೆಯಿಂದಲೂ ಬಂದದ್ದಲ್ಲ. ಬಾಳೆಯ ಕಂದಿನ ಒಳಗಿನ ಬೆಳೆಯುವ ತುದಿಯನ್ನು ಬಾಟಲಿಯಲ್ಲಿ ಕವಲೊಡೆಸಿ ಹೆಚ್ಚಿಸಿದ್ದು. ಕಂದು ತಾನೇ ಮಾಡುವ ಕೆಲಸವನ್ನು ಬೇಗ ಮಾಡಿಸುತ್ತಾರೆ. ಭಯಪಡಬೇಕಾದ್ದು ವೈರಾಣುವಿಗೆ. ತಾಯಿಗಿಡದಲ್ಲಿ ಗುಚ್ಛತಲೆ ರೋಗ ಇದ್ದರೆ ಸಾವಿರ ಸಸಿಯಲ್ಲೂ ಅದೇ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಅಂಗಾಂಶ ಸಸಿಗಳಿಗೆ ವೈರಾಣು ಪರೀಕ್ಷೆ ಮಾಡಿ ಪ್ರಮಾಣೀಕರಿಸುವ ವ್ಯವಸ್ಥೆ ಇಟ್ಟಿದೆ. ಆ ಲೇಬಲ್ ಕೇಳಿ ತೆಗೆದುಕೊಳ್ಳಿ.

ಪ್ರಶ್ನೆ: ನಾನು ಪಿಯು ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕಿ. ಎಲೆಯಿಂದ ಚಿಗುರು ಬರುವುದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು. ನಮ್ಮಲ್ಲಿ ಲ್ಯಾಮಿನಾರ್ ಫ್ಲೋ ಇಲ್ಲ, ಆಟೋಕ್ಲೇವ್ ಇಲ್ಲ. ಸಾಧ್ಯವೇ? (ಕಾರ್ಕಳ)

ಉತ್ತರ: ಧಾರಾಳವಾಗಿ. ಆದರೆ ಹಣ್ಣಿನ ಮರ ಬೇಡ, ಬದನೆ ತೆಗೆದುಕೊಳ್ಳಿ. ಕಟಪಾಡಿ ಹತ್ತಿರದ ಮಟ್ಟುವಿನಿಂದ ಗುಳ್ಳದ ಬೀಜ ತರಿಸಿ. ಬದನೆಯ ಜಾತಿ ಎಲೆಯಿಂದ ಚಿಗುರಲು ಉದಾರಿ, ಮಕ್ಕಳಿಗೂ ಸ್ವಂತ ಊರಿನ ತರಕಾರಿಯ ಹುರುಪು.

ಗಿಡದ ಎಲೆಯನ್ನು ತೊಳೆದು ಶುದ್ಧ ಮಾಡುವುದಕ್ಕಿಂತ ಬೀಜವನ್ನು ಶುದ್ಧ ಮಾಡುವುದು ಸುಲಭ. ಬೀಜವನ್ನು ಅರ್ಧ ನಿಮಿಷ ಶೇಕಡಾ 70ರ ಆಲ್ಕೋಹಾಲ್‌ನಲ್ಲಿ, ಆಮೇಲೆ ಶೇಕಡಾ ಒಂದರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವಂತೆ ನೀರು ಬೆರೆಸಿದ ಬ್ಲೀಚಿನಲ್ಲಿ ಹತ್ತು ನಿಮಿಷ ಇಟ್ಟು, ಕುದಿಸಿ ಶುದ್ಧ ಮಾಡಿದ ನೀರಿನಲ್ಲಿ ನಾಲ್ಕು ಸಲ ತೊಳೆಯಿರಿ. ಮರ್ಕ್ಯುರಿಕ್ ಕ್ಲೋರೈಡನ್ನು ಮಕ್ಕಳ ಕೈಗೆ ಕೊಡಲೇಬೇಡಿ. ಬರೀ ಅಗರ್ ಇರುವ ಬಾಟಲಿಯಲ್ಲಿ ಮೊಳೆಸಿದರೆ ಎರಡು ಮೂರು ವಾರದಲ್ಲಿ ಶುದ್ಧವಾದ ಎಲೆ ನಿಮ್ಮ ಕೈಯಲ್ಲಿರುತ್ತದೆ.

ಮಾಧ್ಯಮಕ್ಕೆ ಸಿದ್ಧ ಎಂ.ಎಸ್. ಪುಡಿ ಸಿಗುತ್ತದೆ. ಪೊಟ್ಟಣದಲ್ಲಿ ಹೇಳಿದಷ್ಟು ಪುಡಿ, ಲೀಟರಿಗೆ 30 ಗ್ರಾಂ ಸಕ್ಕರೆ, 8 ಗ್ರಾಂ ಅಗರ್, 2 ಮಿಲಿಗ್ರಾಂ ಬಿಎ, ಪಿಎಚ್ 5.8. ಬಿಎ ನೀರಿನಲ್ಲಿ ಕರಗುವುದಿಲ್ಲ, ಕೆಲವು ಹನಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ಸೇರಿಸಿ. ಆಟೋಕ್ಲೇವಿನ ಬದಲು ದೊಡ್ಡ ಕುಕ್ಕರ್ ಸಾಕು: ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ಲ್ಯಾಮಿನಾರ್ ಫ್ಲೋ ಬದಲು ಮೀನು ಸಾಕುವ ಗಾಜಿನ ತೊಟ್ಟಿಯನ್ನು ಅಡ್ಡ ಮಲಗಿಸಿ ಒಳಗೆ ಆಲ್ಕೋಹಾಲ್‌ನಿಂದ ಒರೆಸಿ. ಅದು ಪೂರ್ತಿ ಆರಿದ ಮೇಲೆಯೇ ಸ್ಪಿರಿಟ್ ದೀಪ ಹಚ್ಚಬೇಕು. ಆತುರಪಟ್ಟರೆ ಬೆಂಕಿ ಹಿಡಿಯುತ್ತದೆ. ಫ್ಯಾನ್ ಬಂದ್ ಇರಲಿ.

ಎಲೆಯನ್ನು ಅರ್ಧ ಸೆಂಟಿಮೀಟರಿನ ಚೂರು ಮಾಡಿ ಮಾಧ್ಯಮಕ್ಕೆ ತಾಗುವಂತೆ ಇಡಿ. ಎರಡು ವಾರಕ್ಕೆ ಅಂಚು ಉಬ್ಬುತ್ತದೆ, ನಾಲ್ಕರಿಂದ ಆರು ವಾರಕ್ಕೆ ಹಸಿರು ಮೊಗ್ಗು ಕಾಣುತ್ತದೆ. ಕೆಲವು ಬಾಟಲಿಗಳಿಗೆ ಬಿಎ ಹಾಕದೆ, ಕೆಲವಕ್ಕೆ ಆಕ್ಸಿನ್ ಮಾತ್ರ ಹಾಕಿ ಪಕ್ಕದಲ್ಲಿಟ್ಟರೆ ಸ್ಕೂಗ್–ಮಿಲ್ಲರ್ ಪಾಠ ತಾನಾಗಿ ಆಗುತ್ತದೆ.

ಮಳೆಗಾಲದಲ್ಲಿ ಮಾಡಬೇಡಿ, ಡಿಸೆಂಬರ್–ಜನವರಿ ಒಳ್ಳೆಯದು. ಆಷಾಢದ ಗಾಳಿಯಲ್ಲಿ ಬೂಷ್ಟಿನ ಬೀಜಾಣು ಗಿಡಗಳಿಗಿಂತ ಬೇಗ ಬೆಳೆಯುತ್ತದೆ. ಬೂಷ್ಟು ಬಂದ ಬಾಟಲಿಯ ಮುಚ್ಚಳವನ್ನು ಮಕ್ಕಳು ತೆಗೆದು ಮೂಸಿ ನೋಡದಂತೆ ಕಾಯಿರಿ. ಮುಚ್ಚಿದಂತೆಯೇ ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ, ಆಮೇಲೆ ತೊಳೆಯಿರಿ.